ವೈಮಾನಿಕ ದಾಳಿಯಲ್ಲಿ ಸತ್ತ ನಾಗರಿಕರ ಲೆಕ್ಕ: ದೂರದಿಂದ ತನಿಖೆ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಈ ಒಂದು ವರ್ಷದಲ್ಲಿ ನನ್ನ ಬಳಿಗೆ ಹದಿನೇಳು ತನಿಖಾ ಕಡತಗಳು ಬಂದಿವೆ. ಕಳಿಸಿದವರು ಹೆಚ್ಚಾಗಿ ಪತ್ರಿಕೋದ್ಯಮ ವಿದ್ಯಾರ್ಥಿಗಳು. ಇಬ್ಬರು ತಾಲ್ಲೂಕು ವರದಿಗಾರರು, ಒಬ್ಬರು ನಿವೃತ್ತ ಭೂಗೋಳ ಮಾಸ್ತರರು. ಶ್ರದ್ಧೆ ಯಾರದೂ ಕಡಿಮೆಯಿಲ್ಲ. ಆದರೂ ಹದಿನಾಲ್ಕು ಕಡತಗಳು ಒಂದೇ ಕಡೆ ಎಡವಿವೆ. ಮೊದಲ ಸಾಲಿನಲ್ಲೇ ಸಾವಿನ ಸಂಖ್ಯೆ ಬರೆದುಕೊಂಡು, ಆಮೇಲೆ ಅದಕ್ಕೆ ಆಧಾರ ಹುಡುಕಲು ಹೊರಟಿದ್ದಾರೆ. ಹಾಗೆ ಹೊರಟಾಗ ಆ ಸಂಖ್ಯೆಗೆ ಹೊಂದುವುದಷ್ಟೇ ಕಣ್ಣಿಗೆ ಬೀಳುತ್ತದೆ, ಹೊಂದದ್ದು ಪಕ್ಕಕ್ಕೆ ಸರಿಯುತ್ತದೆ.

ಮೊದಲು ಎಲ್ಲಿ, ಆಮೇಲೆ ಯಾವಾಗ, ಆಮೇಲೆ ಏನು ಬಿತ್ತು, ಆಮೇಲೆ ಯಾರು ಸತ್ತರು. ಇಷ್ಟೂ ಮುಗಿದ ಮೇಲೆ ಎಷ್ಟು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ. ಇದು ಧಾರವಾಡದಲ್ಲೋ ರಾಣೆಬೆನ್ನೂರಿನಲ್ಲೋ ಕೂತು, ಬಹಿರಂಗವಾಗಿ ಸಿಗುವ ಚಿತ್ರ, ವಿಡಿಯೊ, ಉಪಗ್ರಹ ಚಿತ್ರ ಮತ್ತು ಫೋನ್ ಮಾತಿನಿಂದ ಮಾಡುವ ಕೆಲಸ. ಯಾರೂ ಯುದ್ಧಭೂಮಿಗೆ ಹೋಗಬೇಕಿಲ್ಲ. ಅಲ್ಲಿರುವವರನ್ನು ಅಪಾಯಕ್ಕೆ ನೂಕುವ ಹಕ್ಕೂ ನಮಗಿಲ್ಲ.

## ಶುರುವಿಗೆ ಮುಂಚೆ: ಪದಗಳನ್ನು ಸರಿ ಮಾಡಿಕೊಳ್ಳಿ

ನಮ್ಮ ಕಡತಗಳಲ್ಲಿ ಅರ್ಧ ತಪ್ಪು ಹುಟ್ಟುವುದು ಅನುವಾದದಲ್ಲೇ.

ಇಂಗ್ಲಿಷ್ ಸುದ್ದಿಯಲ್ಲಿ ‘ಕ್ಯಾಶುವಲ್ಟಿ’ ಎಂದಿದ್ದರೆ ಅದರಲ್ಲಿ ಸತ್ತವರೂ ಗಾಯಗೊಂಡವರೂ ಸೇರಿರುತ್ತಾರೆ. ‘200 ಕ್ಯಾಶುವಲ್ಟಿ’ ಎಂಬುದು ಕನ್ನಡಕ್ಕೆ ಬರುವಾಗ ‘200 ಸಾವು’ ಆದದ್ದನ್ನು ನಾನು ನಾಲ್ಕು ಕಡತಗಳಲ್ಲಿ ಕಂಡಿದ್ದೇನೆ. ಸತ್ತವರು, ಗಾಯಾಳುಗಳು, ಕಾಣೆಯಾದವರು ಎಂದು ಮೂರು ಅಂಕಣ ಮಾಡಿ. ಮೂಲದಲ್ಲಿ ಯಾವುದೆಂದು ತಿಳಿಯದಿದ್ದರೆ ಆ ಸಂಖ್ಯೆಯನ್ನು ಟಿಪ್ಪಣಿಯಲ್ಲಿಡಿ, ಅಂಕಣಕ್ಕೆ ಹಾಕಬೇಡಿ.

‘ನಾಗರಿಕ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡರ್ಥ: ಒಂದು ದೇಶದ ಪ್ರಜೆ, ಹಾಗೂ ಸೈನಿಕನಲ್ಲದವನು. ‘ಸಿರಿಯಾದ ನಾಗರಿಕರು’ ಎಂದು ಬರೆದಾಗ ಯಾವ ಅರ್ಥವೆಂದು ಓದುವವರಿಗೆ ಗೊತ್ತಾಗಬೇಕು. ನಾನು ಕಡತದ ಮೊದಲ ಪುಟದಲ್ಲೇ ‘ಇಲ್ಲಿ ನಾಗರಿಕರೆಂದರೆ ಸೈನಿಕರಲ್ಲದ, ಕಾದಾಟದಲ್ಲಿ ಪಾಲ್ಗೊಳ್ಳದ ಜನ’ ಎಂದು ಬರೆದಿಡುತ್ತೇನೆ.

ಅರಬಿ ಬರಹದಲ್ಲಿ ಬರುವ ‘ಶಹೀದ್’ ನಮ್ಮವರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಪದ. ಕನ್ನಡದಲ್ಲಿ ‘ಹುತಾತ್ಮ’ ಎಂದೊಡನೆ ಯೋಧನ ಚಿತ್ರ ಬರುತ್ತದೆ. ಗಾಜಾ, ಯೆಮನ್, ಇರಾಕ್‌ಗಳಲ್ಲಿ ದಾಳಿಗೆ ಸತ್ತ ಎರಡು ವರ್ಷದ ಮಗುವನ್ನೂ ಮನೆಯವರು ಶಹೀದ್ ಎಂದೇ ಕರೆಯುತ್ತಾರೆ. ಆ ಪದ ನೋಡಿ ‘ಹೋರಾಟಗಾರ’ ಎಂದು ಗುರುತು ಹಾಕಿದರೆ ಸತ್ತವನಿಗೆ ಮಾಡಿದ ಅನ್ಯಾಯ.

ಕೊನೆಯದಾಗಿ, ವೈಮಾನಿಕ ದಾಳಿ, ಶೆಲ್ ದಾಳಿ (ನೆಲದ ಮೇಲಿನ ಫಿರಂಗಿಯಿಂದ ಹಾರಿಸಿದ್ದು), ಕ್ಷಿಪಣಿ ದಾಳಿ, ಡ್ರೋನ್ ದಾಳಿ ಬೇರೆ ಬೇರೆ. 2022ರ ಮಾರ್ಚ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ತೀರಿಕೊಂಡದ್ದು ಶೆಲ್ ದಾಳಿಯಲ್ಲಿ. ನಮಗೆ ಬಂದ ಒಂದು ಕಡತದಲ್ಲಿ ಅದನ್ನೂ ವೈಮಾನಿಕ ದಾಳಿಯ ಪಟ್ಟಿಗೆ ಸೇರಿಸಲಾಗಿತ್ತು. ಏನು ಬಿತ್ತೆಂದು ತಿಳಿಯುವವರೆಗೆ ಬರೀ ‘ಸ್ಫೋಟ’ ಎಂದು ಬರೆಯಿರಿ.

## ಬೇಕಾದ ಸಾಮಗ್ರಿ

ಒಂದು ಸಾಧಾರಣ ಲ್ಯಾಪ್‌ಟಾಪ್, ಎರಡು ಹಾರ್ಡ್ ಡಿಸ್ಕ್, ಒಂದು ಸ್ಪ್ರೆಡ್‌ಶೀಟ್, ಒಂದು ಗೆರೆ ಹಾಕಿದ ನೋಟ್‌ಬುಕ್. ಎರಡನೇ ಡಿಸ್ಕ್ ಬೇರೆ ಮನೆಯಲ್ಲಿರಲಿ.

ತಂತ್ರಾಂಶಗಳಲ್ಲಿ ಗೂಗಲ್ ಅರ್ಥ್ ಪ್ರೊ ಮುಖ್ಯ. ಪುಕ್ಕಟೆ ಸಿಗುತ್ತದೆ, ಹಳೆಯ ವರ್ಷಗಳ ಚಿತ್ರವನ್ನೂ ತೋರಿಸುತ್ತದೆ. ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರಕ್ಕೆ ಕೋಪರ್ನಿಕಸ್ ಬ್ರೌಸರ್, ನೆರಳಿನಿಂದ ಹೊತ್ತು ಲೆಕ್ಕ ಹಾಕಲು ಸನ್‌ಕ್ಯಾಲ್ಕ್, ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ (ಫ್ರೇಮ್) ಒಡೆದು ಹುಡುಕಲು ಇನ್‌ವಿಡ್, ಚಿತ್ರ ಮೊದಲು ಎಲ್ಲಿ ಬಂತೆಂದು ನೋಡಲು ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ. ಪುಟ ಅಳಿಸಿಹೋಗುವ ಮುಂಚೆ ಉಳಿಸಲು ವೇಬ್ಯಾಕ್ ಮಷೀನ್. ಹಣ ಕೊಟ್ಟು ಕೊಳ್ಳಬೇಕಾದ್ದು ಯಾವುದೂ ಇಲ್ಲ.

ಇದಲ್ಲದೆ ಒಬ್ಬ ಜೊತೆಗಾರ ಬೇಕು. ಈ ಕೆಲಸವನ್ನು ಒಬ್ಬರೇ ಮಾಡಬೇಡಿ. ಒಬ್ಬರು ಗುರುತಿಸಿದ್ದನ್ನು ಇನ್ನೊಬ್ಬರು ನೋಡದೆ ಮೊದಲಿನಿಂದ ಗುರುತಿಸಬೇಕು, ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಡಬೇಕು.

## ಹಂತ 1: ಮೊದಲು ಉಳಿಸಿ, ಆಮೇಲೆ ನೋಡಿ

ದಾಳಿಯ ವಿಡಿಯೊಗಳು ಬೇಗ ಮಾಯವಾಗುತ್ತವೆ. ರಕ್ತ ಕಂಡರೆ ಜಾಲತಾಣಗಳೇ ತೆಗೆದುಹಾಕುತ್ತವೆ, ಹೆದರಿಕೆಯಿಂದ ಹಾಕಿದವರೇ ಅಳಿಸುತ್ತಾರೆ. ಕಂಡ ತಕ್ಷಣ ಮೂಲ ಫೈಲನ್ನು ಇಳಿಸಿಕೊಳ್ಳಿ, ಪುಟವನ್ನು ವೇಬ್ಯಾಕ್‌ನಲ್ಲಿ ಉಳಿಸಿ, ಪರದೆಯ ಚಿತ್ರ ತೆಗೆಯಿರಿ. ಪರದೆಯ ಚಿತ್ರ ಒಂದೇ ಸಾಲದು. ಅದನ್ನು ಯಾರು ಬೇಕಾದರೂ ತಿದ್ದಬಹುದು.

ಇಳಿಸಿದ ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಬರೆದಿಡಿ. ಇದು 64 ಅಂಕಿ-ಅಕ್ಷರಗಳ ಒಂದು ಸಾಲು, ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಂತೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬದಲಾಗುತ್ತದೆ. ನಾಳೆ ಯಾರಾದರೂ ‘ನೀವೇ ತಿದ್ದಿದ್ದೀರಿ’ ಎಂದರೆ ಉತ್ತರ ಇದೇ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಬರ್ಕ್ಲಿ ಪ್ರೊಟೊಕಾಲ್ ಕೂಡ ಮೂಲ ಪ್ರತಿಯನ್ನು ಮುಟ್ಟದೆ ಕಾಯ್ದಿಡುವುದಕ್ಕೆ ಬಹಳ ಒತ್ತು ಕೊಡುತ್ತದೆ. ಮೂಲ ಒಂದು ಫೋಲ್ಡರ್‌ನಲ್ಲಿರಲಿ, ಕೆಲಸಕ್ಕೆ ನಕಲು ಬಳಸಿ.

ಸಾಮಾನ್ಯ ತಪ್ಪು: ವಾಟ್ಸಾಪ್‌ನಲ್ಲಿ ಬಂದ ವಿಡಿಯೊವನ್ನು ಮೂಲವೆಂದು ತಿಳಿಯುವುದು. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸಿ, ಅದರೊಳಗಿನ ದಿನಾಂಕ ಮತ್ತು ಸ್ಥಳದ ಮಾಹಿತಿಯನ್ನು ತೆಗೆದುಹಾಕುತ್ತದೆ. ತೆಗೆದವರೇ ನಿಮಗೆ ಕಳಿಸುತ್ತಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಕೇಳಿ.

## ಹಂತ 2: ಜಾಗ ಹಿಡಿಯಿರಿ

ಈ ಹಂತಕ್ಕೆ ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಕೊಡಿ. ಜಾಗ ಖಚಿತವಾದರೆ ಸುಳ್ಳು ವಿಡಿಯೊಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಉದುರಿಹೋಗುತ್ತವೆ.

ಮೊದಲು ನಮ್ಮ ಊರಿನಲ್ಲೇ ಕೈ ಪಳಗಿಸಿಕೊಳ್ಳಿ. ಗದಗದ ಗೆಳೆಯನಿಗೆ ಎಲ್ಲೋ ಒಂದು ಕಡೆ ನಿಂತು ಹತ್ತು ಸೆಕೆಂಡಿನ ವಿಡಿಯೊ ತೆಗೆದು ಕಳಿಸಲು ಹೇಳಿ. ತ್ರಿಕೂಟೇಶ್ವರನ ಗುಡಿ, ಭೀಷ್ಮ ಕೆರೆಯ ಬಸವಣ್ಣ ಕಾಣಬಾರದು. ಯಾವುದೋ ಓಣಿ, ಒಂದು ನೀರಿನ ಟಾಕಿ, ದೂರದಲ್ಲಿ ಒಂದು ಗುಡ್ಡದ ಅಂಚು ಇಷ್ಟೇ ಸಾಕು. ಅವನು ನಿಂತ ಜಾಗವನ್ನು ಗೂಗಲ್ ಅರ್ಥ್‌ನಲ್ಲಿ ಹತ್ತು ಮೀಟರಿನೊಳಗೆ ತೋರಿಸಿ. ಐದಾರು ಸಲ ಮಾಡಿದ ಮೇಲೆ ಕಣ್ಣು ಏನನ್ನು ಹುಡುಕಬೇಕೆಂದು ತಾನೇ ಕಲಿಯುತ್ತದೆ. ಒಮ್ಮೆ ಗದಗದ ಗಾಳಿಯಂತ್ರಗಳನ್ನು ಗುರುತಾಗಿ ಇಟ್ಟುಕೊಂಡ ಹುಡುಗನೊಬ್ಬ ಆರು ಕಿಲೋಮೀಟರ್ ಆಚೆ ಹೋಗಿ ಕೂತಿದ್ದ. ಒಂದರಂತೆ ಇನ್ನೊಂದು ಕಾಣುವ ವಸ್ತು ಗುರುತಿಗೆ ಬಾರದು. ಖಾರ್ಕಿವ್‌ನ ಒಂದೇ ಅಚ್ಚಿನ ವಸತಿ ಕಟ್ಟಡಗಳೂ ಹಾಗೆಯೇ.

ಕೆಲಸದ ಕ್ರಮ ಇದು. ವಿಡಿಯೊವನ್ನು ಚೌಕಟ್ಟುಗಳಾಗಿ ಒಡೆದು, ಕ್ಯಾಮೆರಾ ತಿರುಗಿದ್ದರೆ ಆ ಚೌಕಟ್ಟುಗಳನ್ನು ಪಕ್ಕ ಪಕ್ಕ ಜೋಡಿಸಿ ಉದ್ದನೆಯ ಒಂದೇ ನೋಟ ಮಾಡಿ. ಅದರಲ್ಲಿ ಸ್ಥಿರವಾದ ವಸ್ತುಗಳನ್ನು ಬಣ್ಣದ ಚೌಕದಿಂದ ಗುರುತಿಸಿ: ಮಸೀದಿಯ ಮಿನಾರು, ನೀರಿನ ಗೋಪುರ, ರಸ್ತೆಯ ತಿರುವು, ಮಾಳಿಗೆಯ ಆಕಾರ, ಎರಡು ಕಟ್ಟಡಗಳ ನಡುವಿನ ಅಂತರ. ಅದೇ ಬಣ್ಣದ ಚೌಕವನ್ನು ಉಪಗ್ರಹ ಚಿತ್ರದಲ್ಲಿ ಹಾಕಿ. ಕನಿಷ್ಠ ಮೂರು ಗುರುತು ಹೊಂದಿ, ಅವುಗಳ ಎಡ-ಬಲ ಕ್ರಮವೂ ಹೊಂದಬೇಕು. ಎರಡೇ ಸಿಕ್ಕರೆ ‘ಸಂಭವನೀಯ’ ಎಂದು ಬರೆದು ನಿಲ್ಲಿಸಿ.

ಉಪಗ್ರಹ ಚಿತ್ರದ ಮಿತಿ ತಿಳಿದಿರಲಿ. ಸೆಂಟಿನೆಲ್-2ರ ಒಂದು ಚುಕ್ಕೆ (ಪಿಕ್ಸೆಲ್) ನೆಲದ ಮೇಲೆ 10 ಮೀಟರ್. ಕಲಘಟಗಿಯ ಒಂದು ಸಾಧಾರಣ ಮನೆ ಅದರಲ್ಲಿ ಒಂದೆರಡು ಚುಕ್ಕೆಯಷ್ಟೇ. ಬೀದಿಯೇ ನೆಲಸಮವಾದರೆ ಕಾಣುತ್ತದೆ, ಒಂದು ಕೋಣೆ ಕುಸಿದರೆ ಕಾಣುವುದಿಲ್ಲ. ‘ಉಪಗ್ರಹದಲ್ಲಿ ಹಾನಿ ಕಾಣಲಿಲ್ಲ’ ಎಂಬುದನ್ನು ‘ದಾಳಿ ಆಗಿಲ್ಲ’ ಎಂದು ಓದಬೇಡಿ.

ಎಚ್ಚರಿಕೆಯ ಗುರುತು: ಅಂಗಡಿ ಫಲಕದ ಅಕ್ಷರ ತಿರುಗುಮುರುಗಾಗಿದ್ದರೆ ವಿಡಿಯೊವನ್ನು ಯಾರೋ ಕನ್ನಡಿ ಬಿಂಬ ಮಾಡಿದ್ದಾರೆ. ಹಳೆಯ ವಿಡಿಯೊವನ್ನು ಹೊಸದೆಂದು ಬಿಡುವವರು ಹುಡುಕಾಟಕ್ಕೆ ಸಿಗದಿರಲೆಂದು ಹೀಗೆ ಮಾಡುತ್ತಾರೆ.

## ಹಂತ 3: ಹೊತ್ತು ಹಿಡಿಯಿರಿ

ಭಾರತದ ಸಮಯ ಜಾಗತಿಕ ಸಮಯಕ್ಕಿಂತ (ಯುಟಿಸಿ) ಐದೂವರೆ ತಾಸು ಮುಂದೆ. ಇರಾಕ್, ಯೆಮನ್ ಮೂರು ತಾಸು ಮುಂದೆ, ಅಫ್ಘಾನಿಸ್ತಾನ ನಾಲ್ಕೂವರೆ, ಉಕ್ರೇನ್ ಚಳಿಗಾಲದಲ್ಲಿ ಎರಡು, ಬೇಸಿಗೆಯಲ್ಲಿ ಮೂರು. ಇರಾಕಿನ ಮೊಸುಲ್‌ನಲ್ಲಿ ರಾತ್ರಿ ಹತ್ತೂವರೆಗೆ ನಡೆದ ದಾಳಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನಡುರಾತ್ರಿ ದಾಟಿ ಒಂದು ಗಂಟೆ, ದಿನಾಂಕವೂ ಬೇರೆ. ಟೆಲಿಗ್ರಾಮ್ ತೋರಿಸುವ ಸಮಯ ನೋಡುತ್ತಿರುವವರ ಫೋನಿನ ಸಮಯ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಹೀಗೆ ಒಂದೇ ದಾಳಿ ಎರಡು ದಿನಾಂಕಗಳಲ್ಲಿ ದಾಖಲಾಗಿ, ಸತ್ತವರ ಸಂಖ್ಯೆ ಇಮ್ಮಡಿಯಾದ ಕಡತಗಳು ನನ್ನಲ್ಲಿ ಮೂರಿವೆ. ಸ್ಪ್ರೆಡ್‌ಶೀಟ್‌ನಲ್ಲಿ ಸಮಯಕ್ಕೆ ಎರಡೇ ಅಂಕಣ ಇರಲಿ, ಸ್ಥಳೀಯ ಸಮಯ ಮತ್ತು ಜಾಗತಿಕ ಸಮಯ. ಭಾರತದ ಸಮಯಕ್ಕೆ ಅಲ್ಲಿ ಜಾಗ ಬೇಡ.

ಹಗಲಿನ ವಿಡಿಯೊ ಆದರೆ ನೆರಳು ನೋಡಿ. ಜಾಗ ಗೊತ್ತಾಗಿದ್ದರೆ ಸನ್‌ಕ್ಯಾಲ್ಕ್‌ನಲ್ಲಿ ದಿನಾಂಕ ಹಾಕಿ, ವಿದ್ಯುತ್ ಕಂಬದ ನೆರಳಿನ ದಿಕ್ಕನ್ನು ಹೊಂದಿಸಿದರೆ ಅರ್ಧ ತಾಸಿನ ಅಂತರದಲ್ಲಿ ಹೊತ್ತು ಸಿಗುತ್ತದೆ. ಇಲ್ಲಿ ನಮ್ಮ ಅಭ್ಯಾಸವೇ ನಮಗೆ ಅಡ್ಡಿ. ಧಾರವಾಡದಲ್ಲಿ ಮೇ ತಿಂಗಳಿನಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ, ಗಿಡದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಗಾಜಾ, ಮೊಸುಲ್, ಖಾರ್ಕಿವ್ ಎಲ್ಲವೂ ಕರ್ಕಾಟಕ ವೃತ್ತದ ಉತ್ತರಕ್ಕಿವೆ. ಅಲ್ಲಿ ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ. ಯೆಮನ್ ಮಾತ್ರ ನಮ್ಮ ಹಾಗೆ. ಭೂಗೋಳ ಮಾಸ್ತರರು ಕಳಿಸಿದ ಕಡತದಲ್ಲಿ ಈ ಭಾಗ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ರಾತ್ರಿ ದಾಳಿಗೆ ನೆರಳಿಲ್ಲ. ಆಗ ಮೊದಲ ಪೋಸ್ಟ್ ಬಂದ ಕ್ಷಣ ‘ಇದಕ್ಕಿಂತ ತಡವಾಗಿ ಅಲ್ಲ’ ಎಂಬ ಗಡಿ. ನಾಸಾದ ಫರ್ಮ್ಸ್ ನಕ್ಷೆ ದೊಡ್ಡ ಬೆಂಕಿಯ ಶಾಖವನ್ನು ತೋರಿಸುತ್ತದೆ. ಆದರೆ ಅದರ ಸೂಕ್ಷ್ಮ ಚುಕ್ಕೆಯೂ 375 ಮೀಟರ್ ಅಗಲ, ಉಪಗ್ರಹ ಹಾದುಹೋಗುವಾಗ ಉರಿಯುತ್ತಿದ್ದ ಬೆಂಕಿಯನ್ನಷ್ಟೇ ಹಿಡಿಯುತ್ತದೆ. ಅದು ಪೂರಕ ಸಾಕ್ಷಿ ಮಾತ್ರ.

## ಹಂತ 4: ಏನು ಬಿತ್ತು, ಯಾರದು

ಇದರಲ್ಲಿ ನಾನು ಯಾವಾಗಲೂ ಹಿಂಜರಿಯುತ್ತೇನೆ, ನೀವೂ ಹಿಂಜರಿಯಿರಿ. ಕುಳಿಯ ಫೋಟೊ ಒಂದನ್ನೇ ನೋಡಿ ‘ಇಂಥ ಬಾಂಬ್’ ಎಂದು ಹೇಳಬೇಡಿ. ಲೋಹದ ಚೂರುಗಳಲ್ಲಿ ಬಾಲದ ರೆಕ್ಕೆ, ದಿಕ್ಕು ತಿರುಗಿಸುವ ಭಾಗ, ಅಚ್ಚೊತ್ತಿದ ಅಂಕಿಗಳಿದ್ದರೆ ಅವುಗಳ ಸ್ಪಷ್ಟ ಚಿತ್ರ ಉಳಿಸಿ, ಶಸ್ತ್ರ ಬಲ್ಲವರಿಗೆ ತೋರಿಸಿ. 2018ರ ಆಗಸ್ಟ್ 9ರಂದು ಯೆಮನ್‌ನ ಸಾದಾ ಪ್ರಾಂತ್ಯದ ದಹ್ಯಾನ್‌ನಲ್ಲಿ ಶಾಲಾ ಮಕ್ಕಳ ಬಸ್ಸಿನ ಮೇಲೆ ಬಾಂಬ್ ಬಿತ್ತು. ರೆಡ್ ಕ್ರಾಸ್ ಲೆಕ್ಕದಲ್ಲಿ ಸತ್ತವರು 51, ಅವರಲ್ಲಿ 40 ಮಕ್ಕಳು. ಚೂರಿನ ಮೇಲಿದ್ದ ಐದಕ್ಷರದ ತಯಾರಕ ಸಂಕೇತದಿಂದಲೇ ಅದು ಅಮೆರಿಕದಲ್ಲಿ ತಯಾರಾದ, 500 ಪೌಂಡ್ ವರ್ಗದ, ಲೇಸರ್ ನಿರ್ದೇಶಿತ ಬಾಂಬ್ ಎಂದು ಗೊತ್ತಾಯಿತು. ಆದರೆ ಬಾಂಬ್ ಹಾಕಿದ್ದು ಸೌದಿ ನೇತೃತ್ವದ ಒಕ್ಕೂಟ. ತಯಾರಿಸಿದವರು ಬೇರೆ, ಹಾಕಿದವರು ಬೇರೆ. ಎರಡು ಅಂಕಣ ಮಾಡಿ.

ಯಾರು ಹಾಕಿದರೆಂದು ಹೇಳಲು ಮೂರು ಪ್ರಶ್ನೆ ಕೇಳಿ. ಆ ಹೊತ್ತಿನಲ್ಲಿ ಆ ಆಕಾಶದಲ್ಲಿ ಯಾರ ವಿಮಾನಗಳು ಹಾರುತ್ತಿದ್ದವು? ಯಾರಾದರೂ ದಾಳಿ ನಡೆಸಿದ್ದೇವೆಂದು ಒಪ್ಪಿದ್ದಾರೆಯೇ? ಶಸ್ತ್ರ ಯಾರ ಬಳಿ ಇದೆ? ಒಬ್ಬರಿಗಿಂತ ಹೆಚ್ಚು ಪಕ್ಷ ಹೊಂದಿದರೆ ಎಲ್ಲರ ಹೆಸರನ್ನೂ ಬರೆದು ‘ವಿವಾದಿತ’ ಎನ್ನಿ. 2023ರ ಅಕ್ಟೋಬರ್ 17ರ ಗಾಜಾದ ಅಲ್-ಅಹ್ಲಿ ಆಸ್ಪತ್ರೆಯ ಸ್ಫೋಟದಲ್ಲಿ ಮೊದಲ ತಾಸಿನಲ್ಲೇ ಹೊಣೆಗಾರರ ಹೆಸರು ಶೀರ್ಷಿಕೆಗೆ ಏರಿತು. ಗಾಜಾ ಆರೋಗ್ಯ ಇಲಾಖೆ 471 ಸಾವು ಎಂದಿತು, ಅಮೆರಿಕದ ಗುಪ್ತಚರ ಅಂದಾಜು 100ರಿಂದ 300ರ ನಡುವೆ ಇತ್ತು. ಬಿದ್ದದ್ದು ಏನೆಂಬುದರ ಬಗ್ಗೆಯೇ ತನಿಖೆಗಳು ಒಮ್ಮತಕ್ಕೆ ಬರಲಿಲ್ಲ. ಅಂಥ ಕಡತವನ್ನು ಅವಸರದಲ್ಲಿ ಮುಚ್ಚಬಾರದು.

ದಾಟಲೇಬಾರದ ಗೆರೆ: ‘ಚೂರಿನ ಹತ್ತಿರದ ಫೋಟೊ ಬೇಕು’ ಎಂದು ಅಲ್ಲಿರುವ ಯಾರಿಗೂ ಹೇಳಬೇಡಿ. ಸಿಡಿಯದೆ ಉಳಿದ ಬಾಂಬ್ ಪಕ್ಕದಲ್ಲೇ ಇರಬಹುದು. ಇದ್ದ ಚಿತ್ರದಲ್ಲಿ ಆಗುವಷ್ಟೇ ಕೆಲಸ ಮಾಡಿ.

## ಹಂತ 5: ಹೆಸರುಗಳ ಪಟ್ಟಿ

ಪ್ರತಿ ಮನುಷ್ಯನಿಗೂ ಒಂದು ಸಾಲು. ಮೂಲ ಲಿಪಿಯಲ್ಲಿ ಹೆಸರು, ಕನ್ನಡದಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಹೆಣ್ಣೋ ಗಂಡೋ, ಯಾರ ಮನೆಯವರು, ಯಾವ ಮೂಲದಿಂದ ತಿಳಿಯಿತು. ಕನ್ನಡದಲ್ಲಿ ಮಾತ್ರ ಬರೆದರೆ ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಮೂವರಾಗುತ್ತಾರೆ. ಅರಬಿ ನಾಡುಗಳಲ್ಲಿ ಹೆಸರು ಹೆಚ್ಚಾಗಿ ನಾಲ್ಕು ತುಂಡು: ತನ್ನದು, ತಂದೆಯದು, ಅಜ್ಜನದು, ಮನೆತನದ್ದು. ಒಂದು ಪಟ್ಟಿಯಲ್ಲಿ ಮೊದಲೆರಡು, ಇನ್ನೊಂದರಲ್ಲಿ ಮೊದಲ ಮತ್ತು ಕೊನೆಯದು ಇರಬಹುದು. ಅದರ ಮೇಲೆ ‘ಅಬು ಇಂಥವನು’ (ಇಂಥವನ ಅಪ್ಪ), ‘ಉಮ್ಮ್ ಇಂಥವನು’ (ಇಂಥವನ ಅವ್ವ) ಎಂದು ಮಗನ ಹೆಸರು ಹಿಡಿದು ಕರೆಯುವ ರೂಢಿ ಬೇರೆ. ನಮ್ಮಲ್ಲಿ ರೇಷನ್ ಕಾರ್ಡಿನಲ್ಲಿ ಬಸಪ್ಪ, ಶಾಲೆಯ ದಾಖಲೆಯಲ್ಲಿ ಬಸವರಾಜ, ಓಣಿಯಲ್ಲಿ ಬಸ್ಯಾ ಇದ್ದಂತೆ ಇದೂ. ಹೆಸರಿನ ಜೊತೆಗೆ ವಯಸ್ಸು ಅಥವಾ ತಂದೆಯ ಹೆಸರು ಹೊಂದದೆ ಇಬ್ಬರನ್ನು ಒಬ್ಬರೆಂದು ಮಾಡಬೇಡಿ, ಒಬ್ಬರನ್ನು ಇಬ್ಬರೆಂದೂ ಮಾಡಬೇಡಿ.

ಹಳೇ ಹುಬ್ಬಳ್ಳಿಯಲ್ಲಿ ಉರ್ದು ಓದಬಲ್ಲ ಗೆಳೆಯರು ಬೇಕಾದಷ್ಟು ಜನ ಇದ್ದಾರೆ, ಅರಬಿ ಪಟ್ಟಿಗಳನ್ನು ಅವರಿಂದ ಓದಿಸಿದವರೂ ಇದ್ದಾರೆ. ಹೆಸರು ಓದಲು ಅದು ನಡೆಯುತ್ತದೆ. ಅರ್ಥ ಹೇಳಿಸಬೇಡಿ, ಭಾಷೆ ಬೇರೆ. ಅಂಕಿಗಳಲ್ಲೂ ಜೋಪಾನ: ಅರಬಿ ಮತ್ತು ಉರ್ದುವಿನಲ್ಲಿ 4 ಮತ್ತು 7 ಬರೆಯುವ ರೂಪ ಬೇರೆ. ವಯಸ್ಸಿನ ಅಂಕಣದಲ್ಲಿ ಇದೊಂದು ತಪ್ಪಿದರೆ ಮಗು ದೊಡ್ಡವನಾಗುತ್ತಾನೆ.

ಹೆಂಗಸರ ಮತ್ತು ಕೂಸುಗಳ ಹೆಸರು ಪಟ್ಟಿಯಲ್ಲಿ ಇಲ್ಲದಿರುವುದು ಸಾಮಾನ್ಯ. ‘ಇಂಥವನ ಹೆಂಡತಿ’, ‘ಅವನ ಮೂರು ಮಕ್ಕಳು’ ಎಂದಷ್ಟೇ ಇರುತ್ತದೆ. ಅವರಿಗೂ ಒಂದೊಂದು ಸಾಲು ಕೊಡಿ, ಹೆಸರಿನ ಜಾಗ ಖಾಲಿ ಬಿಡಿ. ಆ ಖಾಲಿ ಜಾಗ ತುಂಬಿಸುವುದೇ ಮುಂದಿನ ತಿಂಗಳುಗಳ ಕೆಲಸ.

ಸೈನಿಕನೋ ನಾಗರಿಕನೋ ಎಂಬ ಸಂದೇಹ ಬಂದಾಗ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪೂರಕ ಒಪ್ಪಂದದ 50ನೇ ವಿಧಿ ನೋಡಿ: ಸಂದೇಹವಿದ್ದರೆ ಆ ವ್ಯಕ್ತಿಯನ್ನು ನಾಗರಿಕನೆಂದೇ ಪರಿಗಣಿಸಬೇಕು. ಇಪ್ಪತ್ತೈದರ ಗಂಡಸು ಎಂಬುದು ಪುರಾವೆಯಲ್ಲ. ಸಶಸ್ತ್ರ ಗುಂಪೇ ಅವನನ್ನು ತನ್ನವನೆಂದು ಹೇಳಿಕೊಂಡಿದ್ದರೆ, ಸಮವಸ್ತ್ರದ ಚಿತ್ರವಿದ್ದರೆ ಬೇರೆ ಮಾತು.

### ನೋಡುವ ಕಣ್ಣನ್ನು ಕಾಪಾಡಿಕೊಳ್ಳಿ

ಹೆಣಗಳ ವಿಡಿಯೊ ನೋಡುವಾಗ ಧ್ವನಿ ಬಂದ್ ಮಾಡಿ. ಅಳುವ ಸದ್ದು ಚಿತ್ರಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಪರದೆಯನ್ನು ಕಪ್ಪು-ಬಿಳುಪು ಮಾಡಿ, ಕಿಟಕಿ ಚಿಕ್ಕದಿರಲಿ. ರಾತ್ರಿ ಊಟದ ಮೇಲೆ ಈ ಕೆಲಸ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಲ್ಯಾಪ್‌ಟಾಪ್ ಗೋಡೆಗೆ ಬೆನ್ನು ಮಾಡಿರಲಿ. ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ ಎರಡು ವಾರ ಬಿಡಿ. ಜೊತೆಗಾರನಿಗೆ ಹೇಳಿ ಬಿಡಿ.

## ಹಂತ 6: ಸಾಕ್ಷಿಗಳ ಜೊತೆ ಮಾತು

ಯುದ್ಧಭೂಮಿಯಿಂದ ಮರಳಿದವರು ನಮ್ಮಲ್ಲೇ ಇದ್ದಾರೆ: ಉಕ್ರೇನಿನಿಂದ ಬಂದ ವೈದ್ಯಕೀಯ ವಿದ್ಯಾರ್ಥಿಗಳು, ಸುಡಾನಿನಿಂದ ಬಂದ ಹಕ್ಕಿಪಿಕ್ಕಿ ಜನ. ಅವರೊಡನೆ ಮಾತಾಡುವ ಮುಂಚೆ ಏತಕ್ಕೆ ಕೇಳುತ್ತಿದ್ದೀರಿ, ಎಲ್ಲಿ ಬಳಸುತ್ತೀರಿ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ. ಗುಂಪಿನಲ್ಲಿ ಕೇಳಿದರೆ ಗಟ್ಟಿ ದನಿಯವನ ನೆನಪು ಎಲ್ಲರ ನೆನಪಾಗುತ್ತದೆ.

ಪ್ರಶ್ನೆಯೊಳಗೆ ಉತ್ತರ ಇಡಬೇಡಿ. ಬ್ಯಾಡಗಿ ಹತ್ತಿರದ ಹುಡುಗನೊಬ್ಬನ ಜೊತೆಗಿನ ಮಾತು ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ:

‘ವಿಮಾನ ಬಂದು ಬಾಂಬ್ ಹಾಕ್ತು ಸರ್.’

‘ವಿಮಾನ ಕಣ್ಣಿಲೆ ನೋಡಿದ್ಯೇನಪಾ, ಬರೇ ಸಪ್ಪಳ ಕೇಳಿದ್ಯೋ?’

‘ಸಪ್ಪಳ ಅಷ್ಟ ಸರ್. ನಾವೆಲ್ಲಾ ಕೆಳಗ ನೆಲಮಾಳಿಗ್ಯಾಗ ಇದ್ವಿ.’

‘ಮತ್ತ ವಿಮಾನ ಅಂತ ಹೆಂಗ ಗೊತ್ತಾತು?’

‘ಮುಂದ ಟೀವ್ಯಾಗ ತೋರಿಸಿದ್ರಲ್ಲ ಸರ್.’

ಅವನು ಸುಳ್ಳು ಹೇಳಲಿಲ್ಲ. ಟೀವಿಯಲ್ಲಿ ಕಂಡದ್ದು ಅವನ ನೆನಪಿನೊಳಗೆ ಬೆರೆತುಹೋಗಿತ್ತು. ‘ನೋಡಿದ್ದು’, ‘ಕೇಳಿದ್ದು’, ‘ಆಮೇಲೆ ತಿಳಿದದ್ದು’ ಎಂದು ಮೂರು ಬಗೆಯಾಗಿ ಬರೆದುಕೊಳ್ಳಿ. ಆಮೇಲೆ ಒಂದು ಖಾಲಿ ಹಾಳೆ ಕೊಟ್ಟು, ತಾನು ನಿಂತ ಜಾಗ, ಬಾಗಿಲು, ಸದ್ದು ಬಂದ ದಿಕ್ಕು ಬರೆಯಲು ಹೇಳಿ. ಅದೇ ಹುಡುಗ ಬಿಡಿಸಿದ ನಕ್ಷೆಯಲ್ಲಿ ಟ್ರಾಮ್ ಹಳಿಯ ತಿರುವು ಉಪಗ್ರಹ ಚಿತ್ರಕ್ಕೆ ಸರಿಯಾಗಿ ಕೂತಿತು. ಅವನು ಕಂಡ ಭಾಗ ಅಷ್ಟು ಗಟ್ಟಿಯಾಗಿತ್ತು.

ಅಳು ಬಂದರೆ ನಿಲ್ಲಿಸಿ. ಹಣ ಕೊಡಬೇಡಿ, ಪರಿಹಾರ ಸಿಗುತ್ತದೆಂದು ಆಸೆ ಹುಟ್ಟಿಸಬೇಡಿ.

## ಹಂತ 7: ಈಗ ಸಂಖ್ಯೆ

ಹೆಣಗಳನ್ನು ವಿಡಿಯೊ ನೋಡಿ ಎಣಿಸುವವರು ಇಲ್ಲಿ ಓದಿ. ಹುಬ್ಬಳ್ಳಿಯ ಮೂವರು ಹುಡುಗಿಯರು ಒಂದೇ ದಾಳಿಯ ಐದು ತುಣುಕುಗಳಿಂದ 23 ಹೆಣ ಎಣಿಸಿದ್ದರು. ಕೂತು ಒಂದೊಂದೇ ಚೌಕಟ್ಟು ನೋಡಿದೆವು. ಕೆಂಪು-ಹಸಿರು ಪಟ್ಟಿಯ ರಗ್ಗಿನಲ್ಲಿ ಸುತ್ತಿದ ಒಂದು ದೇಹ, ರಗ್ಗಿನ ಒಂದು ಮೂಲೆ ಸುಟ್ಟಿತ್ತು. ಅದೇ ಸುಟ್ಟ ಮೂಲೆ ಕಟ್ಟಡದ ಮುಂದಿನ ತುಣುಕಿನಲ್ಲಿತ್ತು, ಪಿಕಪ್ ವಾಹನದ ಹಿಂಬದಿಯಲ್ಲಿತ್ತು, ಆಸ್ಪತ್ರೆಯ ಅಂಗಳದಲ್ಲೂ ಇತ್ತು. ಒಬ್ಬ ಮನುಷ್ಯನನ್ನು ಮೂರು ಸಲ ಎಣಿಸಿದ್ದರು. ಸಂಜೆ ಹೊತ್ತಿಗೆ 23 ಇದ್ದದ್ದು 11ಕ್ಕೆ ಬಂತು. ಬಟ್ಟೆ, ಚಪ್ಪಲಿ, ಹೊದಿಕೆ ಇವುಗಳಿಂದ ಪ್ರತಿ ದೇಹಕ್ಕೂ ಒಂದು ಗುರುತು ಕೊಟ್ಟು ಎಣಿಸಿ.

ಸಂಖ್ಯೆಯನ್ನು ಯಾವಾಗಲೂ ಜೋಡಿಯಾಗಿ ಬರೆಯಿರಿ: ಕನಿಷ್ಠ, ಗರಿಷ್ಠ. ಕನಿಷ್ಠವೆಂದರೆ ಹೆಸರೋ ಗಟ್ಟಿ ಗುರುತೋ ಇರುವವರು. ಗರಿಷ್ಠವೆಂದರೆ ನಂಬಬಹುದಾದ ಮೂಲವೊಂದು ಹೇಳಿದ ಅತಿ ದೊಡ್ಡ ಸಂಖ್ಯೆ. ಇವೆರಡರ ಸರಾಸರಿ ತೆಗೆಯಬೇಡಿ. 2022ರ ಮಾರ್ಚ್ 16ರಂದು ಉಕ್ರೇನಿನ ಮರಿಯುಪೋಲ್‌ನ ನಾಟಕಶಾಲೆಯ ಮೇಲೆ ಬಾಂಬ್ ಬಿದ್ದಾಗ ಅಸೋಸಿಯೇಟೆಡ್ ಪ್ರೆಸ್, ಬದುಕಿ ಬಂದವರ ಹೇಳಿಕೆ ಮತ್ತು ಕಟ್ಟಡದ ನಕ್ಷೆ ಇಟ್ಟುಕೊಂಡು ಸತ್ತವರು 600ರ ಹತ್ತಿರ ಎಂದಿತು. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ತಾನು ಖಚಿತಪಡಿಸಿಕೊಂಡದ್ದು ಕನಿಷ್ಠ ಹನ್ನೆರಡು, ಇನ್ನೂ ಹೆಚ್ಚಿರುವ ಸಾಧ್ಯತೆ ಇದೆ ಎಂದಿತು. ಲೆಕ್ಕದ ವಿಧಾನವೇ ಬೇರೆ. ನಡುವೆ 306 ಎಂದು ಬರೆದರೆ ಅದು ಯಾರೂ ಹೇಳದ ಸಂಖ್ಯೆ.

ಮೊದಲ ದಿನದ ಸಂಖ್ಯೆ ಏಕೆ ನಿಲ್ಲುವುದಿಲ್ಲ ಎಂಬುದನ್ನು ಧಾರವಾಡದವರಿಗೆ ಹೇಳಬೇಕಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ ಸಾವಿನ ಸಂಖ್ಯೆ ದಿನಾ ಏರುತ್ತ ಕೊನೆಗೆ 19 ಮುಟ್ಟಿತು. ಕುಸಿದು ದಿನಗಳಾದ ಮೇಲೂ ಅವಶೇಷದಿಂದ ಜೀವಂತ ಹೊರಬಂದವರಿದ್ದರು. ಅಲ್ಲಿ ಕ್ರೇನು, ಆಂಬುಲೆನ್ಸು, ರಕ್ಷಣಾ ಪಡೆ ಎಲ್ಲ ಇತ್ತು. ಮೇಲಿಂದ ಬಾಂಬ್ ಬೀಳುತ್ತಿರುವ ಊರಿನಲ್ಲಿ ಅದಾವುದೂ ಇರುವುದಿಲ್ಲ. ಆ ವಾರದ ದಿನಪತ್ರಿಕೆಗಳನ್ನು ವಾಚನಾಲಯದಲ್ಲಿ ತೆಗೆಸಿ, ದಿನದಿನದ ಸಂಖ್ಯೆ, ಯಾರು ಹೇಳಿದ್ದು, ಯಾಕೆ ಬದಲಾಯಿತು ಎಂದು ಪಟ್ಟಿ ಮಾಡಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

## ಹಂತ 8: ದರ್ಜೆ ಕೊಡಿ, ಎದುರಿನವರನ್ನು ಕೇಳಿ

ದಾಳಿಗಳಲ್ಲಿ ಸತ್ತ ನಾಗರಿಕರ ಲೆಕ್ಕ ಇಡುವ ಲಂಡನ್ನಿನ ಏರ್‌ವಾರ್ಸ್ ಸಂಸ್ಥೆ ಬಳಸುವ ದರ್ಜೆಗಳು ನಮಗೂ ಸಾಕು. ದಾಳಿ ಮಾಡಿದವರೇ ಒಪ್ಪಿಕೊಂಡರೆ ‘ಖಚಿತ’. ಎರಡು ಅಥವಾ ಹೆಚ್ಚು ನಂಬಬಹುದಾದ ಮೂಲಗಳಿದ್ದು, ಆ ಪ್ರದೇಶದಲ್ಲಿ ದಾಳಿ ನಡೆದದ್ದು ತಿಳಿದಿದ್ದರೆ ‘ತಕ್ಕಮಟ್ಟಿಗೆ ನಂಬಬಹುದಾದದ್ದು’. ಒಂದೇ ಮೂಲವಾದರೆ ‘ದುರ್ಬಲ’. ಹೊಣೆ ಬೇರೆ ಬೇರೆಯವರ ಮೇಲಿದ್ದರೆ ‘ವಿವಾದಿತ’. ಸತ್ತವರು ಸೈನಿಕರೇ ಎಂದು ತಿಳಿದರೆ ಅಥವಾ ಘಟನೆಯೇ ಸುಳ್ಳಾದರೆ ‘ಕೈಬಿಟ್ಟದ್ದು’. ಹತ್ತು ಖಾತೆಗಳು ಒಂದೇ ಪೋಸ್ಟನ್ನು ಹಂಚಿದ್ದರೆ ಅದು ಒಂದೇ ಮೂಲ. ಬರಹದಲ್ಲಿನ ಒಂದೇ ಕಾಗುಣಿತ ತಪ್ಪು ಎಲ್ಲ ಕಡೆ ಕಂಡರೆ ಎಲ್ಲವೂ ಒಂದೇ ಬಾವಿಯ ನೀರು.

ಆಮೇಲೆ ದಾಳಿ ಮಾಡಿದ ಪಕ್ಷಕ್ಕೆ ಜಾಗ, ಹೊತ್ತು, ನಿಮಗೆ ಸಿಕ್ಕ ಪುರಾವೆ ಬರೆದು ಉತ್ತರಕ್ಕೆ ಎರಡು ವಾರ ಕೊಡಿ. ಅವರ ಉತ್ತರವನ್ನೂ ಉಳಿದ ಮೂಲಗಳಂತೆಯೇ ಪರೀಕ್ಷಿಸಿ. 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಒಂದು ಕಾರಿನ ಮೇಲೆ ಡ್ರೋನ್ ದಾಳಿ ಮಾಡಿದ ಅಮೆರಿಕದ ಸೇನೆ, ಕಾರಿನಲ್ಲಿ ಸ್ಫೋಟಕವಿತ್ತು, ಎರಡನೇ ಸ್ಫೋಟವೂ ಆಯಿತು ಎಂದಿತ್ತು. ನ್ಯೂಯಾರ್ಕ್ ಟೈಮ್ಸ್‌ನವರು ಅಂಗಳದ ಗೋಡೆಗಳನ್ನು ನೋಡಿದರು. ಎರಡನೇ ಸ್ಫೋಟವಾಗಿದ್ದರೆ ಬೀಳಬೇಕಾಗಿದ್ದ ಗೋಡೆಗಳು ನಿಂತೇ ಇದ್ದವು. ಭದ್ರತಾ ಕ್ಯಾಮೆರಾದ ದೃಶ್ಯಗಳಲ್ಲಿ ಆ ದಿನ ಕಾರಿಗೆ ಹೇರಿದ್ದು ನೀರಿನ ಕ್ಯಾನುಗಳು. ಸೆಪ್ಟೆಂಬರ್ 17ರಂದು ಸೇನೆ ತಪ್ಪೊಪ್ಪಿಕೊಂಡಿತು: ಸತ್ತ ಹತ್ತೂ ಜನ ನಾಗರಿಕರು, ಅವರಲ್ಲಿ ಏಳು ಮಕ್ಕಳು. ಗೋಡೆ ನಿಂತಿದೆಯೇ ಎಂದು ನೋಡುವ ಕಣ್ಣು ನಿಮಗೂ ಬೇಕು.

## ಹಂತ 9: ಪ್ರಕಟಿಸುವಾಗ, ಪ್ರಕಟಿಸಿದ ಮೇಲೆ

ಬದುಕಿ ಉಳಿದವರ ಹೆಸರು, ಫೋನ್ ನಂಬರ್, ಗುರುತಿನ ಚೀಟಿಯ ಸಂಖ್ಯೆ ಹಾಕಬೇಡಿ. ಸತ್ತವರ ಪಟ್ಟಿಯಲ್ಲಿ ಗುರುತಿನ ಸಂಖ್ಯೆಗಳಿದ್ದರೂ ತೆಗೆದುಹಾಕಿ. ಕಾದಾಟ ಇನ್ನೂ ನಡೆಯುತ್ತಿದ್ದರೆ ಆಸ್ಪತ್ರೆ, ಆಶ್ರಯತಾಣಗಳ ನಿಖರ ಅಕ್ಷಾಂಶ-ರೇಖಾಂಶ ಬೇಡ, ಬಡಾವಣೆಯ ಹೆಸರು ಸಾಕು. ಮುಖ ಕಾಣುವ ಹೆಣದ ಚಿತ್ರ ಬೇಡವೇ ಬೇಡ. ಏನು ಸಿಗಲಿಲ್ಲ ಎಂಬುದಕ್ಕೂ ಒಂದು ಪ್ಯಾರಾ ಇರಲಿ.

ಕಡತ ಮುಚ್ಚಬೇಡಿ. ಮೂವತ್ತನೇ ದಿನ, ತೊಂಬತ್ತನೇ ದಿನ, ವರ್ಷ ತುಂಬಿದ ದಿನ ಮತ್ತೆ ತೆಗೆದು ನೋಡಿ. ಆಸ್ಪತ್ರೆಯಲ್ಲಿದ್ದವರು ತೀರಿಕೊಂಡಿರಬಹುದು, ಕಾಣೆಯಾದವರು ಸಿಕ್ಕಿರಬಹುದು. ಸಂಖ್ಯೆ ಬದಲಾದರೆ ಹಳೆಯದನ್ನು ಅಳಿಸದೆ, ಅದರ ಕೆಳಗೆ ತಿದ್ದಿದ ದಿನಾಂಕ, ಹೊಸ ಸಂಖ್ಯೆ, ಕಾರಣ ಬರೆಯಿರಿ. ಮನೆಯವರಲ್ಲಿ ಯಾರಾದರೂ ‘ನಮ್ಮ ತಂಗಿಯ ಹೆಸರು ತಪ್ಪಾಗಿದೆ’ ಎಂದು ಬರೆದರೆ ಆ ದಿನವೇ ತಿದ್ದಿ, ತಿದ್ದಿದ ಪುಟವನ್ನು ಅವರಿಗೆ ಕಳಿಸಿ, ಸರಿಯಾಯಿತೇ ಎಂದು ಕೇಳಿ.